ಕಾಗದದ ತೂತುಗಳಲ್ಲಿ ಉಳಿದ ಜಾಪ್ಲಿನ್

ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ 'ಪಿಯಾನೋ ರೋಲ್' ಅಂತ ಒಂದು ವಿಂಡೋ ಇರುತ್ತೆ. ಎಡಗಡೆ ಪಿಯಾನೋದ ಮನೆಗಳು, ಬಲಕ್ಕೆ ಉದ್ದ-ಗಿಡ್ಡ ಪಟ್ಟಿಗಳು. ಪಟ್ಟಿ ಎಷ್ಟು ಉದ್ದವೋ ಸ್ವರ ಅಷ್ಟು ಹೊತ್ತು. ಈ ಹೆಸರು ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದವನು ನಾಲ್ಕು ರಾತ್ರಿ ನಿದ್ದೆ ಕೆಟ್ಟೆ. ಅದರ ಫಲವೇ ಈ ಬರಹ. ಓದಿ ನಿಮ್ಮ ನಿದ್ದೆಯೂ ಸ್ವಲ್ಪ ಕೆಡಲಿ :-)

ಅಸಲಿ ಪಿಯಾನೋ ರೋಲ್ ಅಂದ್ರೆ ಹನ್ನೊಂದೂಕಾಲು ಇಂಚು ಅಗಲದ ಕಾಗದದ ಸುರುಳಿ. ಅದರ ತುಂಬಾ ತೂತುಗಳು. ಪಿಯಾನೋದೊಳಗೆ ಒಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಪ್ರತಿ ಸ್ವರಕ್ಕೂ ಒಂದೊಂದು ರಂಧ್ರ. ಕೂತವರು ಕಾಲಿನಿಂದ ತಿದಿ ಒತ್ತುತ್ತಾ ಇರಬೇಕು, ಒಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತೆ. ಸುರುಳಿ ಸರಿಯುತ್ತಾ ಕಾಗದದ ತೂತು ಹಿತ್ತಾಳೆಯ ರಂಧ್ರದ ಮೇಲೆ ಬಂದ ಕೂಡಲೇ ಗಾಳಿ ನುಗ್ಗಿ, ಒಂದು ಕವಾಟ ಅಲುಗಿ, ಆ ಸ್ವರದ ಸುತ್ತಿಗೆ ತಂತಿಗೆ ಬಡಿಯುತ್ತೆ. ತೂತು ಇದ್ರೆ ಒಂದು, ಇಲ್ಲದಿದ್ರೆ ಸೊನ್ನೆ. ಇಂಜಿನಿಯರಿಂಗ್ ಪುಸ್ತಕದ ಮೊದಲ ಅಧ್ಯಾಯದಲ್ಲಿ ಪಂಚ್ ಕಾರ್ಡ್ ಬಗ್ಗೆ ಓದಿ ಮರೆತ ನಮ್ಮಂಥವರಿಗೆ ಇದು ತೀರಾ ಹತ್ತಿರದ ನೆಂಟ. 1908ರಲ್ಲಿ ಅಮೆರಿಕದ ಬಫಲೋ ಊರಲ್ಲಿ ತಯಾರಕರೆಲ್ಲ ಸೇರಿ 88 ಸ್ವರಗಳ ರೋಲ್‌ಗೆ ಒಂದೇ ಅಳತೆ ನಿಗದಿ ಮಾಡಿದರು. ಆಮೇಲೆ ಯಾವ ಕಂಪನಿಯ ರೋಲ್ ಬೇಕಾದ್ರೂ ಯಾವ ಕಂಪನಿಯ ಪಿಯಾನೋದಲ್ಲೂ ಓಡುವಂತಾಯ್ತು. (ಮೊಬೈಲ್ ಚಾರ್ಜರ್‌ನವರಿಗೆ ಈ ಬುದ್ಧಿ ಬರೋಕೆ ಎಷ್ಟು ವರ್ಷ ಹಿಡೀತು ನೋಡಿ!)

ಈಗ ಕತೆಯ ನಾಯಕ. ಸ್ಕಾಟ್ ಜಾಪ್ಲಿನ್, ಕರಿಯ ಸಂಗೀತಗಾರ, ರಾಗ್‌ಟೈಮ್ ಅನ್ನೋ ಪ್ರಕಾರದ ದೊರೆ. (ನಮ್ಮ ರಾಗಕ್ಕೂ ಇದಕ್ಕೂ ಸಂಬಂಧ ಇಲ್ಲ.) 1899ರಲ್ಲಿ ಬಂದ 'ಮೇಪಲ್ ಲೀಫ್ ರಾಗ್' ಆತನಿಗೆ ಹೆಸರು ತಂದುಕೊಟ್ಟಿತು. ಪ್ರತಿ ಪ್ರತಿಗೆ ಕೈಗೆ ಸಿಗುತ್ತಿದ್ದದ್ದು ಒಂದು ಸೆಂಟ್. ಇಷ್ಟು ದೊಡ್ಡ ಮನುಷ್ಯ ನುಡಿಸಿದ ಗ್ರಾಮಫೋನ್ ರೆಕಾರ್ಡು ಒಂದೂ ಇಲ್ಲ. ಆತನ ಬೆರಳುಗಳ ಗುರುತು ಅಂತ ಏನಾದ್ರೂ ಉಳಿದಿದ್ರೆ ಅದು 1916ರಲ್ಲಿ ಮಾಡಿಸಿದ ಬೆರಳೆಣಿಕೆಯ ಪಿಯಾನೋ ರೋಲ್‌ಗಳಲ್ಲಿ ಮಾತ್ರ. ಆ ಹೊತ್ತಿಗೆ ಸಿಫಿಲಿಸ್ ಆತನನ್ನ ತಿಂದುಹಾಕುತ್ತಿತ್ತು. ಮರುವರ್ಷ ಏಪ್ರಿಲ್ 1ಕ್ಕೆ ತೀರಿಕೊಂಡಾಗ ವಯಸ್ಸು ಐವತ್ತು ತುಂಬಿರಲಿಲ್ಲ. ಗೋರಿಗೆ ಹೆಸರಿನ ಕಲ್ಲು ಬಿದ್ದದ್ದು 1974ರಲ್ಲಿ, 'ದಿ ಸ್ಟಿಂಗ್' ಸಿನಿಮಾದಿಂದ ಆತನ ಸಂಗೀತ ಮತ್ತೆ ಎಲ್ಲರ ಬಾಯಿಗೆ ಬಂದ ಮೇಲೆ.

ಆ ರೋಲ್‌ಗಳಲ್ಲಿ ಒಂದು 'ಪ್ಲೆಸೆಂಟ್ ಮೊಮೆಂಟ್ಸ್'. 1909ರ ರಾಗ್‌ಟೈಮ್ ವಾಲ್ಟ್ಸ್, ಅಂದ್ರೆ ಮೂರು ಎಣಿಕೆಯದು. ಸ್ವರಲಿಪಿ ಅಚ್ಚಾಗಿತ್ತು, ಅದೇನೂ ಕಳೆದಿರಲಿಲ್ಲ. ಕಳೆದಿದ್ದು ಜಾಪ್ಲಿನ್ ನುಡಿಸಿದ ರೋಲ್. ಕನರೈಸ್ಡ್ ಅನ್ನೋ ಕಂಪನಿ ಅದನ್ನ ಹೊರತಂದಿತ್ತು ಅಂತ ಗೊತ್ತು, ಆದರೆ ಒಂದು ಪ್ರತಿಯೂ ಯಾರ ಬಳಿಯೂ ಇಲ್ಲ! ಹೋಯ್ತು ಅಂತಲೇ ಎಲ್ಲರೂ ತೀರ್ಮಾನಿಸಿದ್ದರು. 2006ರ ಆಗಸ್ಟಿನಲ್ಲಿ ಅದು ಸಿಕ್ಕಿತು. ಎಲ್ಲಿ? ನ್ಯೂಜಿಲೆಂಡಿನ ಒಬ್ಬ ಸಂಗ್ರಾಹಕರ ಹತ್ತಿರ. ತೊಂಬತ್ತು ವರ್ಷ, ಅರ್ಧ ಭೂಮಿಯಾಚೆ.

ಇಂಥ ವಸ್ತು ಕಳೆದುಹೋಗೋದೇ ಯಾಕೆ? ನನಗೆ ತಮಾಷೆ ಅನ್ನಿಸಿದ ಕಾರಣ ಕಾನೂನಿನದು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಒಂದು ಕೇಸು ಬಂತು. ಪಿಯಾನೋ ರೋಲ್ ಅನ್ನೋದು ಹಾಡಿನ ಪ್ರತಿಯೋ ಅಲ್ಲವೋ? ಅಲ್ಲ ಅಂತು ಕೋರ್ಟು. ಮನುಷ್ಯನ ಕಣ್ಣಿಗೆ ಅದು ಸಂಗೀತವಾಗಿ ಓದಲು ಬರೋದಿಲ್ಲ, ಅದು ಯಂತ್ರದ ಭಾಗ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸೋರ್ಸ್ ಕೋಡ್‌ಗೆ ಹಕ್ಕುಂಟು, ಬೈನರಿಗೆ ಇಲ್ಲ! ಮರುವರ್ಷವೇ ಹೊಸ ಕಾಯ್ದೆ ಬಂದು ಒಂದು ರೋಲ್‌ಗೆ ಎರಡು ಸೆಂಟ್ ಸಂಗೀತಗಾರನಿಗೆ ಕೊಡಬೇಕು ಅಂತಾಯ್ತು, ಸರಿ. ಆದರೆ ಸ್ವರಲಿಪಿ ಅಚ್ಚು ಹಾಕಿದರೆ ಒಂದು ಪ್ರತಿ ಸರ್ಕಾರಿ ಗ್ರಂಥಾಲಯದಲ್ಲಿ ಜಮೆಯಾಗುವಂತೆ ರೋಲ್ ಜಮೆಯಾಗಲಿಲ್ಲ. ಉಳಿದರೆ ಮನೆಗಳಲ್ಲೇ ಉಳಿಯಬೇಕು. ಮನೆಗಳಲ್ಲಿ ಏನಾಯ್ತು? ರೇಡಿಯೋ ಬಂತು, ಒಳ್ಳೆ ಗ್ರಾಮಫೋನ್ ಬಂತು, 1929ರ ಆರ್ಥಿಕ ಕುಸಿತ ಬಂತು. ಪಿಯಾನೋದೊಳಗಿನ ರಬ್ಬರ್ ಕೊಳವೆ ಸೀಳಿತು, ತಿದಿ ಹರಿಯಿತು. ಎಷ್ಟೋ ಜನ ಒಳಗಿನ ಯಂತ್ರ ಕಿತ್ತೆಸೆದು ಬರೀ ಪಿಯಾನೋ ಇಟ್ಟುಕೊಂಡರು. ರೋಲ್‌ಗಳು ಗುಜರಿಗೆ.

ಹಾಗಾಗಿ ಸಂಗ್ರಾಹಕರೇ ಗತಿ. 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥ ಸ್ವಯಂಚಾಲಿತ ವಾದ್ಯಗಳ ಹುಚ್ಚಿರುವವರು ಸೇರಿ 'ಅಮಿಕಾ' ಅನ್ನೋ ಸಂಘ ಕಟ್ಟಿದರು. ಹುಡುಕುವ ಕೆಲಸ ಕೇಳೋಕೆ ಸುಲಭ. ಹಳೇ ಕಂಪನಿಗಳ ಕ್ಯಾಟಲಾಗ್ ಇಟ್ಟುಕೊಂಡು ಯಾವ ನಂಬರಿನ ರೋಲ್ ಯಾರ ಕಪಾಟಿನಲ್ಲಿದೆ ಅಂತ ತಾಳೆ ನೋಡೋದು, ಖಾಲಿ ಉಳಿದ ನಂಬರಿಗಾಗಿ ಕಾಯೋದು. ಪೆಟ್ಟಿಗೆ ಮೇಲೊಂದು ಹೆಸರು, ಒಳಗೆ ಇನ್ನೊಂದು ರೋಲ್ ಇದ್ದರೂ ಇದ್ದೀತು. ಹಾಗಾಗಿ ಬಿಚ್ಚಿ ನೋಡಲೇಬೇಕು. ಬಿಚ್ಚಿದರೆ ನೂರು ವರ್ಷದ ಕಾಗದ ಹಪ್ಪಳದ ಹಾಗೆ ಮುರಿಯುತ್ತೆ.

ಇದರ ತದ್ವಿರುದ್ಧ ಕತೆ 'ಸಿಲ್ವರ್ ಸ್ವಾನ್ ರಾಗ್'ದು. ಜಾಪ್ಲಿನ್ ಇದ್ದಾಗ ಅದರ ಸ್ವರಲಿಪಿ ಅಚ್ಚಾಗಲೇ ಇಲ್ಲ. 1914ರ ರೋಲ್ ಒಂದು 1970ರಲ್ಲಿ ಬೆಳಕಿಗೆ ಬಂತು. ತೂತುಗಳನ್ನು ಸ್ವರಗಳಾಗಿ ಓದಿ ಬರೆದು 1971ರಲ್ಲಿ ಪ್ರಕಟಿಸಿದರು. ಬೈನರಿಯಿಂದ ಸೋರ್ಸ್ ಕೋಡ್ ತೆಗೆದಂತೆ!

ಆದರೆ ಸಿಕ್ಕಿದ್ದು ನಿಜಕ್ಕೂ ಜಾಪ್ಲಿನ್ ಕೈಯೇ? ಇಲ್ಲೇ ನನಗೆ ಕಸಿವಿಸಿ. ವೆಲ್ಟೆಯಂಥ ಜರ್ಮನ್ ಕಂಪನಿ 1904ರಿಂದಲೇ ನುಡಿಸಿದವರ ಗಟ್ಟಿ-ಮೆತ್ತನೆಯನ್ನೂ ರೋಲ್‌ನಲ್ಲಿ ಹಿಡಿಯುತ್ತಿತ್ತು. ಜಾಪ್ಲಿನ್‌ಗೆ ಆ ಭಾಗ್ಯ ಇರಲಿಲ್ಲ. ಸಾಧಾರಣ ರೋಲ್‌ನಲ್ಲಿ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಅನ್ನೋದಷ್ಟೇ. ವೇಗವೂ ಕೂತವರ ಕೈಲಿರುವ ಹಿಡಿಕೆಯ ಮೇಲೆ. ಜೊತೆಗೆ ಕಂಪನಿಯ ಸಂಪಾದಕರು ತಪ್ಪು ತೂತು ಮುಚ್ಚಿ, ಹೊಸ ತೂತು ಹೊಡೆದು 'ಸರಿ' ಮಾಡುತ್ತಿದ್ದರು. 1916ರ ಏಪ್ರಿಲ್‌ನ ಕನರೈಸ್ಡ್ 'ಮೇಪಲ್ ಲೀಫ್' ನಯವಾಗಿದೆ. ಎರಡೇ ತಿಂಗಳ ನಂತರ ಬೇರೆ ಕಂಪನಿಗೆ ನುಡಿಸಿದ್ದು ಎಡವುತ್ತೆ, ತಾಳ ತಡವರಿಸುತ್ತೆ. ಅಷ್ಟರಲ್ಲಿ ಕಾಯಿಲೆ ಅಷ್ಟು ಏರಿತೇ, ಅಥವಾ ಮೊದಲನೆಯದನ್ನು ಯಾರೋ ತಿದ್ದಿದ್ದರೇ? ನನಗಂತೂ ಎಡವುವ ರೋಲೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತೆ. ಯಾರೂ ಬೇಕಂತ ಅಂಥ ತಪ್ಪುಗಳನ್ನ ಕೊರೆಯೋದಿಲ್ಲ.

ಇದನ್ನೆಲ್ಲ ಓದುವಾಗ ನೆನಪಾದದ್ದು ನಮ್ಮ ಮೈಸೂರು. ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುದಿ ವಯಸ್ಸಿನಲ್ಲಿದ್ದಾಗ ಜಯಚಾಮರಾಜ ಒಡೆಯರು ಹಣ ಕೊಟ್ಟು, 1940ರ ದಶಕದ ಕೊನೆಯಲ್ಲಿ ಆತನ ಕೃತಿಗಳನ್ನು ಆತನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ. ಜಾಪ್ಲಿನ್‌ಗೆ ಅಂಥ ಒಬ್ಬ ಅರಸ ಸಿಗಲಿಲ್ಲ. ತನ್ನ 'ಟ್ರೀಮೊನಿಶಾ' ಒಪೆರಾವನ್ನು 1911ರಲ್ಲಿ ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಬೇಕಾಯ್ತು.

ಈಗ ರೋಲ್‌ಗಳನ್ನ ನುಡಿಸೋದೇ ಬೇಡ, ಸ್ಕ್ಯಾನ್ ಮಾಡ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2014ರಲ್ಲಿ ಆಸ್ಟ್ರೇಲಿಯಾದ ಡೆನಿಸ್ ಕಾಂಡನ್ ಎಂಬ ಸಂಗ್ರಾಹಕರ 7,500ಕ್ಕೂ ಹೆಚ್ಚು ರೋಲ್‌ಗಳನ್ನು ತನ್ನದಾಗಿಸಿಕೊಂಡಿತು. ಚಿತ್ರದಲ್ಲಿನ ತೂತು ಗುರುತಿಸಿ ಮಿಡಿ ಫೈಲ್ ಮಾಡುವ ಪ್ರೋಗ್ರಾಂಗಳಿವೆ. ಆ ಫೈಲನ್ನ ತೆರೆದರೆ ಮತ್ತದೇ ವಿಂಡೋ, ಅದೇ ಪಟ್ಟಿಗಳು.

ಜಾಪ್ಲಿನ್‌ನ ಮೊದಲ ಒಪೆರಾ 'ಎ ಗೆಸ್ಟ್ ಆಫ್ ಆನರ್', 1903ರದ್ದು. ಅದರ ಸ್ವರಲಿಪಿಯ ಒಂದು ಹಾಳೆಯೂ ಇನ್ನೂ ಯಾರಿಗೂ ಸಿಕ್ಕಿಲ್ಲ.