ಮಲ್ಲಿಪಟ್ಟಣ: ಜನಸಂಖ್ಯೆಯೂ ಗ್ರಾಮಪಥವೂ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ಮಲ್ಲಿಪಟ್ಟಣವು ಹೆಸರಿನಿಂದ ಪಟ್ಟಣವು. ಜನಗಣತಿಯ ಲೆಕ್ಕದಲ್ಲಿ ಗ್ರಾಮವು. 1961ರಿಂದೀಚೆಗೆ ಗಣತಿಯವರು ಅನುಸರಿಸುತ್ತಿರುವ ನಿಯಮದಂತೆ, ಪುರಸಭೆ ಮೊದಲಾದುವಿಲ್ಲದ ಊರು ಪಟ್ಟಣವೆನಿಸಬೇಕಾದರೆ ಕನಿಷ್ಠ 5,000 ಜನರೂ, ಚದರ ಕಿಲೋಮೀಟರಿಗೆ 400ರ ಸಾಂದ್ರತೆಯೂ ಇರಬೇಕು; ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ವೃತ್ತಿಯವರಾಗಿರಬೇಕು. ಈ ತಕ್ಕಡಿಯಲ್ಲಿ ತೂಗಿದರೆ ಮಲ್ಲಿಪಟ್ಟಣವು ಹಳ್ಳಿಯೇ ಸರಿ. ಆದರೂ ಅದು ಹೋಬಳಿಯ ಕೇಂದ್ರವಾಗಿ ಸುತ್ತಣ ಹಳ್ಳಿಗಳಿಗೆ ಮುಖ್ಯಸ್ಥಳವಾಗಿರುತ್ತದೆ. ಊರಿನ ಯೋಗ್ಯತೆಯನ್ನು ತಲೆಯೆಣಿಕೆಯಿಂದ ಅಳೆಯಬೇಕೋ, ಅಲ್ಲಿಗೆ ಬಂದು ಕೂಡುವ ದಾರಿಗಳಿಂದ ಅಳೆಯಬೇಕೋ ಎಂಬುದು ವಿಚಾರಾರ್ಹವಾದ ವಿಷಯವು.

ಪ್ರಾಚೀನರು ಪಟ್ಟಣಶಬ್ದವನ್ನು ಜನಸಂಖ್ಯೆಯೊಂದನ್ನೇ ನೋಡಿ ಪ್ರಯೋಗಿಸಿದವರಲ್ಲ. ಹೊಯ್ಸಳರ ಶಾಸನಗಳಲ್ಲಿ ಬರುವ ಪಟ್ಟಣಸ್ವಾಮಿಯು ವರ್ತಕರ ಮುಖಂಡನು. ಸರಕು ಬಂದಿಳಿಯುವ ಸ್ಥಳವೇ ಪಟ್ಟಣವು. ಕೆಲವೆಡೆ ದೊರೆಗಳ ಇಚ್ಛೆಯಿಂದಲೂ ಈ ಹೆಸರು ಬಂದುದುಂಟು. ಇದೇ ಜಿಲ್ಲೆಯ ಚನ್ನರಾಯಪಟ್ಟಣವು ಪೂರ್ವದಲ್ಲಿ ಕೊಳತೂರೆಂಬ ಹಳ್ಳಿ. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರನಾದ ಲಕ್ಷ್ಮಪ್ಪನಾಯಕನು ಅದನ್ನು ತನ್ನ ಮಗ ಚನ್ನರಾಯನಿಗೆ ಕೊಟ್ಟನೆಂದು ಗ್ಯಾಸೆಟಿಯರು ಹೇಳುತ್ತದೆ.

ಈ ವಿಚಾರದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಹೇಳುವುದು ಮನನೀಯವಾಗಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಈ ಗ್ರಂಥದಲ್ಲಿ, ಗ್ರಾಮವೆಂದರೆ ನೂರರಿಂದ ಐನೂರು ಮನೆತನಗಳ, ಒಂದೆರಡು ಕ್ರೋಶ ಎಲ್ಲೆಯುಳ್ಳ ಊರು. ಹತ್ತು ಗ್ರಾಮಗಳ ನಡುವೆ ಸಂಗ್ರಹಣವೆಂಬ ಸ್ಥಳವಿರತಕ್ಕದ್ದು. ಇಂದಿನ ಹೋಬಳಿಗೆ ಇದನ್ನು ಹೋಲಿಸಿದರೆ ತಪ್ಪಾಗದು. ಐದು ಅಥವಾ ಹತ್ತು ಗ್ರಾಮಗಳ ಗೋಪನು ಮನೆಗಳನ್ನೂ, ದ್ವಿಪಾದ ಚತುಷ್ಪಾದಗಳನ್ನೂ ಎಣಿಸಿ ಬರೆದಿಡಬೇಕು. ಆತನೇ ಹೊಲ, ತೋಟ, ಸೇತುಗಳ ಸಂಗಡ ದಾರಿಗಳನ್ನೂ ಲೆಕ್ಕಕ್ಕೆ ತರಬೇಕು. ಜನರ ಪುಸ್ತಕ ಬೇರೆ, ದಾರಿಯ ಪುಸ್ತಕ ಬೇರೆ ಎಂಬ ಭೇದವು ಅಲ್ಲಿಲ್ಲ. ಇನ್ನೊಂದು ವಿಶೇಷವುಂಟು: ಗ್ರಾಮಪಥಕ್ಕೆ ವಿಧಿಸಿರುವ ಅಗಲವು ರಾಜಮಾರ್ಗದಷ್ಟೇ, ಎಂಟು ದಂಡಗಳು, ಅದಕ್ಕೆ ಅಡ್ಡಿಮಾಡಿದವನಿಗೆ 200 ಪಣ ದಂಡನೆ. ಇದೆಲ್ಲವೂ ಅಕ್ಷರಶಃ ಆಚರಣೆಯಲ್ಲಿತ್ತೆಂದು ನಂಬಬೇಕಾಗಿಲ್ಲ. ಶಾಸ್ತ್ರಕಾರನ ದೃಷ್ಟಿಯು ಎಂತಹುದೆಂಬುದು ಮಾತ್ರ ಸ್ಪಷ್ಟವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಗೆ ಬಂದ ದೊಡ್ಡ ದಾರಿಗಳು ಅರಕಲಗೂಡನ್ನು ಪಕ್ಕಕ್ಕೆ ಬಿಟ್ಟೇ ಹೋದುವು. ಮೈಸೂರಿನಿಂದ ಅರಸೀಕೆರೆಗೆ ಹಾಕಿದ ರೈಲುಮಾರ್ಗವು ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋಯಿತು. 1979ರಲ್ಲಿ ಪೂರ್ಣಗೊಂಡ ಹಾಸನ-ಮಂಗಳೂರು ಮಾರ್ಗವು ಆಲೂರು, ಸಕಲೇಶಪುರಗಳನ್ನು ಹಿಡಿಯಿತು. ಹೀಗಾಗಿ ಮಲ್ಲಿಪಟ್ಟಣದಂತಹ ಊರಿಗೆ ಎತ್ತಿನಗಾಡಿಯ ತರುವಾಯ ಬಂದುದು ರೈಲಲ್ಲ, ಮೋಟಾರು ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರಿನಲ್ಲಿ ಆರಂಭವಾದಾಗ ಇಡೀ ಸಂಸ್ಥಾನಕ್ಕೆ ಅದರ ಬಸ್ಸುಗಳು 120 ಮಾತ್ರ. ಬಸ್ಸಿನ ದಾರಿಗೆ ದೂರವಾದ ಹಳ್ಳಿಯವರಿಗೆ ಕಾಲ್ನಡಿಗೆಯೇ ಗತಿಯಾಗಿತ್ತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಕೂಡ 1979ರಲ್ಲಿಯೇ ಮುಗಿಯಿತು. ಅದರ ಹಿನ್ನೀರಿನಲ್ಲಿ ಹೊಲಗದ್ದೆಗಳೊಡನೆ ಹಳೆಯ ದಾರಿಗಳೂ ಮುಳುಗಿದುವು. ಒಕ್ಕಲೆದ್ದ ಕುಟುಂಬಗಳ ಪಟ್ಟಿಯಾಯಿತು, ಭೂಮಿಗೆ ಪರಿಹಾರದ ಲೆಕ್ಕವಾಯಿತು; ಎದುರು ದಡದ ನೆಂಟರ ಮನೆಗೆ ಸುತ್ತಿ ಹೋಗಬೇಕಾದ ಹರದಾರಿಗಳಿಗೆ ಲೆಕ್ಕವೆಲ್ಲಿಯದು?

2011ರ ಜನಗಣತಿಯ ಗ್ರಾಮಪಟ್ಟಿಯಲ್ಲಿ ಜನಸಂಖ್ಯೆಯ ಜೊತೆಗೆ ಬಸ್ಸು, ರೈಲು, ರಸ್ತೆಗಳ ಅಂಕಣಗಳೂ ಇವೆ. ಗೋಪನ ಕ್ರಮವು ಹೀಗೆ ಮರಳಿ ಬಂದುದು ಸಂತೋಷದ ಸಂಗತಿ. ಊರಿನಲ್ಲಿ ಸೌಕರ್ಯವಿಲ್ಲದಿದ್ದರೆ ಅದಿರುವ ಸಮೀಪದ ಸ್ಥಳದ ದೂರವನ್ನು ಮೂರು ಅಕ್ಷರಗಳಿಂದ ಸೂಚಿಸಿದ್ದಾರೆ: ಐದು ಕಿಲೋಮೀಟರಿಗೆ ಒಳಗೆ, ಐದರಿಂದ ಹತ್ತು, ಹತ್ತಕ್ಕೆ ಮೇಲೆ. ಹನ್ನೊಂದು ಕಿಲೋಮೀಟರಿಗೂ ಐವತ್ತಕ್ಕೂ ಒಂದೇ ಅಕ್ಷರ. ದಿನಕ್ಕೊಮ್ಮೆ ಬರುವ ಬಸ್ಸಿಗೂ ಗಳಿಗೆಗೊಮ್ಮೆ ಬರುವುದಕ್ಕೂ ಒಂದೇ ಗುರುತು. ಹೆರಿಗೆಯ ಹೆಂಗಸನ್ನು ರಾತ್ರಿವೇಳೆ ಆಸ್ಪತ್ರೆಗೆ ಕೊಂಡೊಯ್ಯುವವರಿಗೆ ಈ ಭೇದವೇ ಮುಖ್ಯವಾದುದು. ಹೋಬಳಿಯ ಪ್ರತಿಯೊಂದು ಹಳ್ಳಿಯಿಂದಲೂ ಮಲ್ಲಿಪಟ್ಟಣಕ್ಕೆ, ಅಲ್ಲಿಂದ ಅರಕಲಗೂಡಿಗೆ ಹಿಡಿಯುವ ಹೊತ್ತನ್ನು ಮಳೆಗಾಲ ಬೇಸಗೆಗಳಿಗೆ ಬೇರೆಬೇರೆಯಾಗಿ ಬರೆದಿಡುವುದು ಗ್ರಾಮಪಂಚಾಯಿತಿಗಳಿಗೆ ಅಸಾಧ್ಯವಾದ ಕೆಲಸವಲ್ಲ.