ಹಂತಕನ ಎದುರು ಕೂತವರು: ಸೆರೆಮನೆಯ ಸಂದರ್ಶನಗಳ ನೂರಿಪ್ಪತ್ತು ವರ್ಷ

ಫ್ರಾನ್ಸಿನ ಬೆಲ್ಲೆ ಎಂಬ ಸಣ್ಣ ಊರಿನಲ್ಲಿ 1897ರಲ್ಲಿ ಎಮಿಲ್ ಫೂರ್ಕೆ ಎಂಬ ತನಿಖಾ ನ್ಯಾಯಾಧೀಶನ ಮುಂದೆ ಜೋಸೆಫ್ ವಾಷೆ ಎಂಬ ಅಲೆಮಾರಿಯನ್ನು ತಂದು ಕೂರಿಸಿದರು. ಹಳ್ಳಿಗಾಡಿನಲ್ಲಿ ಕುರಿ ಮೇಯಿಸುತ್ತಿದ್ದ ಮಕ್ಕಳು ಒಂದೇ ರೀತಿಯಲ್ಲಿ ಕೊಲೆಯಾಗಿದ್ದ ಪ್ರಕರಣಗಳ ಕಡತಗಳನ್ನು ಫೂರ್ಕೆ ಬೇರೆ ಬೇರೆ ಜಿಲ್ಲೆಗಳಿಂದ ತರಿಸಿ ಒಟ್ಟಿಗಿಟ್ಟಿದ್ದ. ನೇರವಾಗಿ ಕೇಳಿದಾಗ ವಾಷೆ ಯಾವುದನ್ನೂ ಒಪ್ಪಲಿಲ್ಲ. ಆಗ ಫೂರ್ಕೆ ಕೊಲೆಯ ಮಾತನ್ನೇ ಬಿಟ್ಟುಬಿಟ್ಟ. ಅಲೆಮಾರಿಗಳ ಬದುಕಿನ ಬಗ್ಗೆ ಪುಸ್ತಕ ಬರೆಯುವ ಆಸೆಯಿದೆ, ನೀನು ಸುತ್ತಿದ ಊರುಗಳ ಬಗ್ಗೆ ಹೇಳು ಎಂದ. ವಾಷೆ ಉತ್ಸಾಹದಿಂದ ಹೇಳುತ್ತ ಹೋದ. ಅವನು ಹೆಸರಿಸಿದ ಊರುಗಳೂ ಕಾಲವೂ ಕಡತಗಳಲ್ಲಿದ್ದ ಊರು, ತಾರೀಖುಗಳಿಗೆ ಹೊಂದಿಕೊಂಡವು. ಕೆಲವೇ ದಿನಗಳಲ್ಲಿ ಅವನು ತಪ್ಪೊಪ್ಪಿಗೆ ಬರೆದುಕೊಟ್ಟ.

ಆಮೇಲೆ ಅವನನ್ನು ಲಿಯಾನ್ ನಗರದ ಸೆರೆಮನೆಗೆ ಕಳಿಸಿದರು. ಅಲ್ಲಿ ನ್ಯಾಯವೈದ್ಯ ಅಲೆಕ್ಸಾಂಡರ್ ಲಕಾಸಾನ್ ಅವನನ್ನು ತಿಂಗಳುಗಟ್ಟಲೆ ಮಾತಾಡಿಸಿ ಪರೀಕ್ಷಿಸಿದ. 1898ರ ಡಿಸೆಂಬರ್ 31ರಂದು ವಾಷೆಗೆ ಮರಣದಂಡನೆಯಾಯಿತು. ಹಂತಕರನ್ನು ಸಂದರ್ಶಿಸುವ ಕ್ಷೇತ್ರದಲ್ಲಿ ಮುಂದೆ ಬೆಳೆದ ಬಹಳಷ್ಟು ತಂತ್ರಗಳ ಮೊಳಕೆ ಈ ಒಂದೇ ಪ್ರಕರಣದಲ್ಲಿದೆ: ಕೊಲೆಯಿಂದ ದೂರದ ವಿಷಯ ಎತ್ತಿಕೊಳ್ಳುವುದು, ಎದುರಿನವನ ಹೆಮ್ಮೆಯನ್ನು ಮುಟ್ಟುವುದು, ಹೇಳಿದ್ದನ್ನು ಕಡತಕ್ಕೆ ಹೋಲಿಸಿ ನೋಡುವುದು. ಮೊದಲಿನ ಎರಡು ತಂತ್ರಗಳು ಪೊಲೀಸರಿಗೂ ಮನೋವೈದ್ಯರಿಗೂ ಬೇಗ ಒಲಿದವು. ಮೂರನೆಯದು ಒಲಿಯುವಷ್ಟರಲ್ಲಿ ಶತಮಾನವೇ ಕಳೆಯಿತು, ಅದಕ್ಕೆ ತೆತ್ತ ಬೆಲೆಯೂ ದೊಡ್ಡದು.

ಶುರುವಿನ ದಿನಗಳಲ್ಲೇ ಆ ಮೂರನೆಯದನ್ನು ಚೆನ್ನಾಗಿ ಅರಿತಿದ್ದವನು ಜರ್ಮನಿಯ ನ್ಯಾಯವೈದ್ಯ ಕಾರ್ಲ್ ಬರ್ಗ್. ಡ್ಯುಸೆಲ್ಡಾರ್ಫ್‌ನಲ್ಲಿ ನಡೆದ ಕೊಲೆಗಳಿಗಾಗಿ ಪೀಟರ್ ಕುರ್ಟೆನ್ 1930ರ ಮೇ ತಿಂಗಳಲ್ಲಿ ಸೆರೆಯಾದ. ಅವನಿಗೆ ಬಲಿಯಾದವರ ಶವಪರೀಕ್ಷೆಯಲ್ಲಿ ತೊಡಗಿದ್ದ ಬರ್ಗ್ ಸೆರೆಮನೆಯಲ್ಲಿ ಅವನ ಎದುರೂ ಕೂತ. ಗಾಯಗಳು ಹೇಗಿದ್ದವು ಎಂದು ತಿಳಿದಿದ್ದರಿಂದ ಕುರ್ಟೆನ್ ಎಲ್ಲಿ ಬಣ್ಣ ಹಚ್ಚುತ್ತಿದ್ದಾನೆ ಎಂಬುದು ಬರ್ಗ್‌ಗೆ ಗೊತ್ತಾಗುತ್ತಿತ್ತು. 1931ರ ಜುಲೈನಲ್ಲಿ ಕುರ್ಟೆನ್‌ಗೆ ಶಿಕ್ಷೆ ಜಾರಿಯಾಯಿತು. ಬರ್ಗ್ ಬರೆದ ವರದಿ ಪುಸ್ತಕವಾಗಿ ಉಳಿಯಿತು.

ಅಮೆರಿಕದಲ್ಲಿ ಈ ಕೆಲಸದ ಒಂದು ಹಳೆಯ ಉದಾಹರಣೆ ಯಾವ ವಿದ್ವಾಂಸನದೂ ಅಲ್ಲ, ಒಬ್ಬ ಕಾವಲುಗಾರನದು. 1928ರಲ್ಲಿ ವಾಷಿಂಗ್ಟನ್ನಿನ ಜೈಲಿನಲ್ಲಿ ಕಾರ್ಲ್ ಪ್ಯಾನ್ಜ್ರಮ್ ಎಂಬ ಕೈದಿಗೆ ಚಿತ್ರಹಿಂಸೆ ಕೊಟ್ಟಿದ್ದನ್ನು ಕಂಡು ಮರುಗಿದ ಹೆನ್ರಿ ಲೆಸರ್ ಅವನಿಗೆ ಒಂದು ಡಾಲರ್ ಕಳಿಸಿದ. ಬಳಿಕ ಕಾಗದ, ಪೆನ್ಸಿಲ್ ಕೊಟ್ಟ. ಪ್ಯಾನ್ಜ್ರಮ್ ತನ್ನ ಬದುಕನ್ನೆಲ್ಲ ಬರೆದ. 1930ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಬರಹ ಅಚ್ಚಾದದ್ದು 1970ರಲ್ಲಿ. ಯಾರೂ ಕೇಳದ ಪ್ರಶ್ನೆಗೆ ಅಷ್ಟು ಉದ್ದದ ಉತ್ತರ ಬರಲು ಮನುಷ್ಯನೆಂದು ಕಂಡ ಒಂದು ನಡತೆಯೇ ಸಾಕಾಯಿತು.

ಜನರಿಗೆ ಹೆಚ್ಚು ಪರಿಚಯವಿರುವುದು ಮುಂದಿನ ಘಟ್ಟ. ಎಫ್‌ಬಿಐ 1972ರಲ್ಲಿ ವರ್ಜೀನಿಯಾದ ಕ್ವಾಂಟಿಕೊದಲ್ಲಿ ವರ್ತನಾ ವಿಜ್ಞಾನ ಘಟಕವನ್ನು ತೆರೆಯಿತು. ಅಲ್ಲಿನ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಸ್ ಊರೂರಿಗೆ ಹೋಗಿ ಪೊಲೀಸರಿಗೆ ಪಾಠ ಮಾಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ, ಹೋದ ಊರಿನ ಹತ್ತಿರದ ಸೆರೆಮನೆಗಳಲ್ಲಿದ್ದ ಹಂತಕರನ್ನೂ ಕಾಣತೊಡಗಿದರು. ಮೊದಲ ಭೇಟಿಗಳಿಗೆ ಮೇಲಧಿಕಾರಿಗಳ ಅಪ್ಪಣೆಯೂ ಇರಲಿಲ್ಲ. ಅವರ ಪದ್ಧತಿ ಹೀಗಿತ್ತು: ಹೋಗುವ ಮುನ್ನ ಪ್ರಕರಣದ ಕಡತವನ್ನು ಅರೆದು ಕುಡಿದಿರಬೇಕು. ಕೈದಿಗೆ ಗೊತ್ತಿರುವುದೆಲ್ಲ ತಮಗೂ ಗೊತ್ತಿದೆ ಎಂದು ತೋರಿದರೆ ಅವನು ಸುಳ್ಳು ಹೇಳಲು ಹಿಂಜರಿಯುತ್ತಾನೆ. ಎದುರಿಗೆ ಬರೆದುಕೊಳ್ಳುವುದಾಗಲಿ ಟೇಪ್ ಇಡುವುದಾಗಲಿ ಕೈದಿಯಲ್ಲಿ ಸಂಶಯ ಹುಟ್ಟಿಸುತ್ತದೆಂದು ಡಗ್ಲಸ್ ಅದನ್ನು ಬಿಟ್ಟ. ಹೊರಗೆ ಬಂದ ಮೇಲೆ 57 ಪುಟಗಳ ಪ್ರಶ್ನಾವಳಿಯನ್ನು ನೆನಪಿನಿಂದ ತುಂಬುತ್ತಿದ್ದರು.

ಕ್ಯಾಲಿಫೋರ್ನಿಯಾದ ವ್ಯಾಕವಿಲ್ ಸೆರೆಮನೆಯಲ್ಲಿದ್ದ ಎಡ್ಮಂಡ್ ಕೆಂಪರ್ ಅವರಿಗೆ ಬೇಕಾದಂಥ ಮಾತುಗಾರ. ಆರೂಮುಕ್ಕಾಲು ಅಡಿ ಎತ್ತರದ, ತಾಯಿಯೂ ಸೇರಿ ಹತ್ತು ಜನರನ್ನು ಕೊಂದ ಆಸಾಮಿ. ಒಮ್ಮೆ ರೆಸ್ಲರ್ ಒಬ್ಬನೇ ಅವನ ಜೊತೆ ಕೋಣೆಯಲ್ಲಿದ್ದ. ಮಾತು ಮುಗಿಸಿ ಕಾವಲುಗಾರನಿಗಾಗಿ ಗುಂಡಿ ಒತ್ತಿದರೆ ಯಾರೂ ಬರಲಿಲ್ಲ. ಪಾಳಿ ಬದಲಾಗುವ ಹೊತ್ತು, ನಾನೀಗ ನಿನ್ನ ತಲೆ ತಿರುಚಿ ಮೇಜಿನ ಮೇಲಿಟ್ಟರೆ ಯಾರು ತಡೆಯುತ್ತಾರೆ ಎಂಬರ್ಥದ ಮಾತನ್ನು ಕೆಂಪರ್ ನಿಧಾನವಾಗಿ ಆಡಿದ. ಕಾವಲುಗಾರ ಬಂದ ಮೇಲೆ ತಮಾಷೆಗೆ ಅಂದೆ ಎಂದ. ಅಂದಿನಿಂದ ಇಬ್ಬರಿಲ್ಲದೆ ಹೋಗಬಾರದೆಂಬ ನಿಯಮ ಬಂತು. ಆ ಅರ್ಧ ಗಂಟೆಯ ಭಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಕೋಣೆಯಲ್ಲಿ ಯಾರು ಯಾರನ್ನು ಓದುತ್ತಿದ್ದಾರೆ ಎಂಬುದು ಕೆಂಪರ್‌ಗೆ ಚೆನ್ನಾಗಿ ತಿಳಿದಿತ್ತು.

ಈ ಹುಡುಗಾಟದಂಥ ಓಡಾಟಕ್ಕೆ ಸಂಶೋಧನೆಯ ಶಿಸ್ತು ತಂದವರು ಬಾಸ್ಟನ್ನಿನ ನರ್ಸಿಂಗ್ ಪ್ರಾಧ್ಯಾಪಕಿ ಆನ್ ಬರ್ಜೆಸ್. ಅತ್ಯಾಚಾರಕ್ಕೆ ಒಳಗಾದವರ ನಡುವೆ ಕೆಲಸ ಮಾಡಿದ್ದ ಅವರು, ಎಲ್ಲರಿಗೂ ಒಂದೇ ಪ್ರಶ್ನೆಗಳಿರಬೇಕು, ಹಂತಕನ ಮಾತಿನ ಜೊತೆ ಬಲಿಯಾದವರ ವಿವರವೂ ಸೇರಬೇಕು ಎಂದರು. 36 ಕೈದಿಗಳ ಅಧ್ಯಯನ 1988ರಲ್ಲಿ ಪುಸ್ತಕವಾಯಿತು. ಅದರಲ್ಲಿ 118 ಬಲಿಗಳ ದಾಖಲೆಯೂ ಇತ್ತು. ಹಂತಕರನ್ನು 'ವ್ಯವಸ್ಥಿತ', 'ಅವ್ಯವಸ್ಥಿತ' ಎಂದು ಎರಡು ಬಗೆಯಾಗಿ ವಿಂಗಡಿಸಿದ್ದು ಜಗತ್ತಿನಾದ್ಯಂತ ಹರಡಿತು.

ಆ ವಿಂಗಡಣೆಯ ಬುಡ ಗಟ್ಟಿಯಿರಲಿಲ್ಲ. ಮಾತಾಡಲು ಒಪ್ಪಿದವರನ್ನಷ್ಟೇ ಮಾತಾಡಿಸಿದ್ದರು. ಎಲ್ಲರೂ ಅಮೆರಿಕದ ಕೈದಿಗಳು. ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ. ಬ್ರಿಟನ್ನಿನ ಡೇವಿಡ್ ಕ್ಯಾಂಟರ್ ಮತ್ತು ಸಂಗಡಿಗರು 2004ರಲ್ಲಿ ಅಮೆರಿಕದ ನೂರು ಸರಣಿ ಹಂತಕರ ಕೊಲೆಗಳ ದಾಖಲೆಯನ್ನು ಪರಿಶೀಲಿಸಿದಾಗ ಆ ಎರಡು ಬಗೆಗಳು ಬೇರೆಬೇರೆಯಾಗಿ ಕಾಣಲೇ ಇಲ್ಲ. ಸಿನಿಮಾ, ಧಾರಾವಾಹಿಗಳು ಇಂದಿಗೂ ಅದನ್ನೇ ಹಿಡಿದುಕೊಂಡಿವೆ, ಅದು ಬೇರೆ ಮಾತು.

ಎಫ್‌ಬಿಐನ ಆ ಅಧ್ಯಯನ ನಡೆಯುತ್ತಿದ್ದ ಹೊತ್ತಿಗೇ ಫ್ಲಾರಿಡಾದ ಮರಣದಂಡನೆ ಕೈದಿಗಳ ವಿಭಾಗದಲ್ಲಿ ಸರಣಿ ಹಂತಕ ಟೆಡ್ ಬಂಡಿ ಪತ್ರಕರ್ತರನ್ನು ಆಟವಾಡಿಸುತ್ತಿದ್ದ. 1980ರಲ್ಲಿ ಸ್ಟೀಫನ್ ಮಿಶೋ ಮತ್ತು ಹ್ಯೂ ಏನ್ಸ್‌ವರ್ತ್ ಅವನನ್ನು ಸಂದರ್ಶಿಸತೊಡಗಿದಾಗ ಅವನು ತಾನು ನಿರಪರಾಧಿ ಎಂಬ ಪಟ್ಟು ಸಡಿಲಿಸಲಿಲ್ಲ. ಮಿಶೋಗೆ ಒಂದು ಉಪಾಯ ಹೊಳೆಯಿತು. ನೀನು ಮನಃಶಾಸ್ತ್ರ ಓದಿದವನು, ಈ ಪ್ರಕರಣಗಳನ್ನೆಲ್ಲ ಬಲ್ಲವನು. ಇಂಥದ್ದನ್ನು ಮಾಡಿದವನು ಹೇಗಿದ್ದಿರಬಹುದು ಎಂದು ಊಹಿಸಿ ಹೇಳು ಎಂದ. ಬಂಡಿ ರೆಕಾರ್ಡರನ್ನು ಕೈಗೆತ್ತಿಕೊಂಡು 'ಆ ವ್ಯಕ್ತಿ' ಹೀಗೆ ಯೋಚಿಸಿರಬಹುದು, ಹಾಗೆ ಮಾಡಿರಬಹುದು ಎಂದು ಗಂಟೆಗಟ್ಟಲೆ ಹೇಳಿದ. 'ನಾನು' ಎಂಬ ಮಾತು ಬರಲಿಲ್ಲ. ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಒಪ್ಪಿಕೊಂಡರೆ ತನ್ನ ಬಗೆಗಿನ ಕಲ್ಪನೆಯೇ ಕುಸಿಯುವ ಮನುಷ್ಯನಿಗೆ, ಕುಸಿಯದೆ ಮಾತಾಡಲು ಒಂದು ಬಾಗಿಲು ಸಿಕ್ಕಿತು.

ಸಿಯಾಟಲ್ ಕಡೆಯ ಪತ್ತೇದಾರ ರಾಬರ್ಟ್ ಕೆಪ್ಪೆಲ್ ಅದೇ ಬಾಗಿಲನ್ನು ಇನ್ನೊಂದು ಬದಿಯಿಂದ ತೆರೆದ. 1984ರಲ್ಲಿ ಗ್ರೀನ್ ರಿವರ್ ಹಂತಕನೆಂದು ಕರೆಸಿಕೊಂಡ ಅಜ್ಞಾತ ಕೊಲೆಗಾರನ ಬೇಟೆ ನಡೆಯುತ್ತಿದ್ದಾಗ ಬಂಡಿಯೇ ಸಹಾಯ ಮಾಡುತ್ತೇನೆಂದು ಪತ್ರ ಬರೆದ. ಕೆಪ್ಪೆಲ್ ಮತ್ತು ಇನ್ನೊಬ್ಬ ಪತ್ತೇದಾರ ಡೇವ್ ರೀಚರ್ಟ್ ಹೋಗಿ ಅವನ 'ಸಲಹೆ' ಕೇಳಿದರು. ಹೊಸ ಶವ ಸಿಕ್ಕರೆ ಜಾಗವನ್ನು ಮುಟ್ಟದೆ ಕಾದು ನೋಡಿ, ಅವನು ಮರಳಿ ಬರುತ್ತಾನೆ ಎಂದ ಬಂಡಿ. ಗ್ರೀನ್ ರಿವರ್ ಹಂತಕನ ಬಗ್ಗೆ ಹೇಳುತ್ತಲೇ ತನ್ನನ್ನು ತಾನು ಬಿಚ್ಚುತ್ತಿದ್ದ. ಮುಂದೆ 2003ರಲ್ಲಿ, ಆ ಹಂತಕನೆಂದು ಪತ್ತೆಯಾದ ಗ್ಯಾರಿ ರಿಡ್ಜ್‌ವೇ, ಮರಣದಂಡನೆ ಬೇಡವೆಂಬ ಒಪ್ಪಂದದ ಮೇಲೆ ತಿಂಗಳುಗಟ್ಟಲೆ ಮಾತಾಡಿ 48 ಕೊಲೆ ಒಪ್ಪಿಕೊಂಡಾಗ, ಶವಗಳ ಬಳಿ ಮರಳಿ ಹೋಗುತ್ತಿದ್ದುದನ್ನೂ ಹೇಳಿದ. ಬಂಡಿ ಮಾತ್ರ ನೇರ ಒಪ್ಪಿಗೆಯನ್ನು 1989ರ ಜನವರಿಯಲ್ಲಿ ಶಿಕ್ಷೆ ಜಾರಿಗೆ ಮುಂಚಿನ ಕೊನೆಯ ದಿನಗಳವರೆಗೆ ಕೂಡಿಟ್ಟು, ವಿವರ ಬೇಕಾದರೆ ಶಿಕ್ಷೆ ಮುಂದೂಡಿ ಎಂದು ಚೌಕಾಸಿ ಮಾಡಿದ. ಮುಂದೂಡಲಿಲ್ಲ. ಕೇಳಬೇಕಾದದ್ದು ಎಷ್ಟೋ ಉಳಿದುಹೋಯಿತು.

ಬಂಡಿಯ ಎದುರು ಕೂತಿದ್ದ ಅದೇ ಏನ್ಸ್‌ವರ್ತ್ ಈ ಕ್ಷೇತ್ರದ ಅತಿ ದೊಡ್ಡ ಹಗರಣವನ್ನು ಬಯಲಿಗೆಳೆದ. ಹೆನ್ರಿ ಲೀ ಲೂಕಸ್ 1983ರಲ್ಲಿ ಟೆಕ್ಸಸ್‌ನಲ್ಲಿ ಸೆರೆಸಿಕ್ಕ ಮೇಲೆ ನೂರಾರು ಕೊಲೆ ಒಪ್ಪಿಕೊಂಡ. ಅವನಿಗಾಗಿ ವಿಶೇಷ ತಂಡವೇ ರಚನೆಯಾಯಿತು. ರಾಜ್ಯ ರಾಜ್ಯಗಳಿಂದ ಪೊಲೀಸರು ಬಗೆಹರಿಯದ ಕಡತ ಹಿಡಿದು ಬಂದರು. ಸ್ಥಳದ ಫೋಟೋ ತೋರಿಸಿದರು, ಸ್ಟ್ರಾಬೆರಿ ಮಿಲ್ಕ್‌ಶೇಕ್ ಕುಡಿಸಿದರು, ಸಿಗರೇಟು ಕೊಟ್ಟರು, ಊರು ಸುತ್ತಿಸಿದರು. 200ಕ್ಕೂ ಹೆಚ್ಚು ಪ್ರಕರಣಗಳು ಮುಗಿದವೆಂದು ಷರಾ ಬಿತ್ತು. ಏನ್ಸ್‌ವರ್ತ್ 1985ರಲ್ಲಿ ಕೂಲಿ ಪಟ್ಟಿ, ರಸೀದಿಗಳನ್ನು ಹುಡುಕಿ ತೆಗೆದು, ಆ ದಿನಗಳಲ್ಲಿ ಲೂಕಸ್ ಬೇರೆಲ್ಲೋ ಇದ್ದನೆಂದು ತೋರಿಸಿದ. ಮರುವರ್ಷ ಟೆಕ್ಸಸ್ಸಿನ ಅಟಾರ್ನಿ ಜನರಲ್ ವರದಿಯೂ ಅದನ್ನೇ ಹೇಳಿತು. 1998ರಲ್ಲಿ ಗವರ್ನರ್ ಜಾರ್ಜ್ ಬುಷ್ ಅವನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಬೇಕಾಯಿತು. ಮುಚ್ಚಿದ ಆ ಕಡತಗಳ ನಿಜವಾದ ಕೊಲೆಗಾರರಲ್ಲಿ ಹಲವರು ಅಷ್ಟು ವರ್ಷ ಹೊರಗೇ ಓಡಾಡಿಕೊಂಡಿದ್ದರು. ಇದನ್ನು ಓದುವಾಗಲೆಲ್ಲ ಹೊಟ್ಟೆ ಕಿವುಚುತ್ತದೆ.

ಸ್ವೀಡನ್ನಿನದು ಇನ್ನೂ ನೋವಿನ ಕತೆ. ಥಾಮಸ್ ಕ್ವಿಕ್ ಎಂದು ಹೆಸರಾದ ಸ್ಟೂರೆ ಬರ್ಗ್‌ವಾಲ್ ಮನೋರೋಗಿಗಳ ಆಸ್ಪತ್ರೆಯಲ್ಲಿ ನಿದ್ರಾಜನಕ ಗುಳಿಗೆಗಳ ಅಮಲಿನಲ್ಲಿ, 'ಅಡಗಿದ ನೆನಪು' ಎಬ್ಬಿಸುವ ಚಿಕಿತ್ಸೆಯ ನಡುವೆ ಮೂವತ್ತಕ್ಕೂ ಹೆಚ್ಚು ಕೊಲೆ ಒಪ್ಪಿಕೊಂಡ. 1994ರಿಂದ 2001ರ ನಡುವೆ ಎಂಟು ಕೊಲೆಗಳಿಗೆ ಶಿಕ್ಷೆಯಾಯಿತು. ಬಾಲಕಿಯೊಬ್ಬಳ ಮೂಳೆಯೆಂದು ನ್ಯಾಯಾಲಯಕ್ಕೆ ಒಪ್ಪಿಸಿದ್ದ ಚೂರು ಆಮೇಲೆ ಮರ ಮತ್ತು ಅಂಟಿನ ತುಣುಕೆಂದು ಗೊತ್ತಾಯಿತು. ಪತ್ರಕರ್ತ ಹಾನೆಸ್ ರಾಸ್ತಮ್ 2008ರಲ್ಲಿ ಇದನ್ನು ಹೊರಹಾಕಿದ. 2013ರ ಹೊತ್ತಿಗೆ ಎಂಟೂ ತೀರ್ಪುಗಳು ಬಿದ್ದುಹೋದವು.

ಬ್ರಿಟನ್ ಇಂಥ ಪಾಠವನ್ನು ಬೇರೆ ಪ್ರಕರಣಗಳಿಂದ ಮೊದಲೇ ಕಲಿತಿತ್ತು. ಗಿಲ್ಡ್‌ಫರ್ಡ್, ಬರ್ಮಿಂಗ್‌ಹ್ಯಾಂ ಬಾಂಬ್ ಪ್ರಕರಣಗಳ ನಿರಪರಾಧಿಗಳು ಸುಳ್ಳು ಒಪ್ಪಿಗೆಯಿಂದಾಗಿ ವರ್ಷಗಟ್ಟಲೆ ಕೊಳೆತದ್ದು ಗೊತ್ತಾದ ಮೇಲೆ, 1992ರಲ್ಲಿ 'ಪೀಸ್' ಎಂಬ ಹೊಸ ಪದ್ಧತಿ ಬಂತು. ಒಪ್ಪಿಸುವುದು ಗುರಿಯಲ್ಲ, ವಿವರ ಪಡೆಯುವುದು ಗುರಿ. ಸಿದ್ಧತೆ, ವಿಶ್ವಾಸ, ಅಡ್ಡಿಯಿಲ್ಲದ ಹೇಳಿಕೆ, ಆಮೇಲೆ ಸಾಕ್ಷ್ಯ ಮುಂದಿಟ್ಟು ಸ್ಪಷ್ಟನೆ. ಎಲ್ಲವೂ ರೆಕಾರ್ಡ್. ಇದೂ ಎಲ್ಲರ ಮೇಲೆ ಫಲಿಸುವುದಿಲ್ಲ. ರೋಗಿಗಳನ್ನು ಕೊಂದ ವೈದ್ಯ ಹೆರಾಲ್ಡ್ ಶಿಪ್‌ಮನ್, ಕಂಪ್ಯೂಟರಿನಲ್ಲಿ ದಾಖಲೆ ತಿದ್ದಿದ್ದನ್ನು ತೋರಿಸಿದಾಗ ಮಾತು ನಿಲ್ಲಿಸಿದ. ಆಮೇಲೆ ಗೋಡೆಗೆ ಮುಖ ಮಾಡಿ ಕೂತ. ಅವನು ಸಾಯುವವರೆಗೂ ಒಪ್ಪಲಿಲ್ಲ. ಅವನಿಗೆ ಶಿಕ್ಷೆ ಕೊಡಿಸುವುದರಲ್ಲಿ ಆ ದಾಖಲೆಗಳ ಪಾತ್ರ ದೊಡ್ಡದು.

ಈ ದೀರ್ಘ ದಾರಿಯಲ್ಲಿ ಎಲ್ಲ ಎಳೆಗಳೂ ಸೇರಿದ್ದು ಸ್ಯಾಮ್ಯುಯೆಲ್ ಲಿಟಲ್ ಪ್ರಕರಣದಲ್ಲಿ. ಲಾಸ್ ಏಂಜಲಿಸ್‌ನ ಮೂರು ಕೊಲೆಗಳಿಗೆ 2014ರಲ್ಲಿ ಶಿಕ್ಷೆಯಾಗಿದ್ದ ಮುದುಕ, ನಾನೇನೂ ಮಾಡಿಲ್ಲ ಎನ್ನುತ್ತಲೇ ಇದ್ದ. 2018ರಲ್ಲಿ ಟೆಕ್ಸಸ್ ರೇಂಜರ್ ಜೇಮ್ಸ್ ಹಾಲೆಂಡ್ ಅವನೆದುರು ಕೂತ. ಅತ್ಯಾಚಾರಿ ಎಂದರೆ ಲಿಟಲ್ ಕೆರಳುತ್ತಾನೆಂದು ಅರಿತು ಆ ಆರೋಪವನ್ನು ಬದಿಗಿಟ್ಟ. ಮರಣದಂಡನೆ ಕೇಳುವುದಿಲ್ಲವೆಂಬ ಭರವಸೆಯನ್ನು ಸರ್ಕಾರಿ ವಕೀಲರಿಂದ ತಂದ. ಪಿಜ್ಜಾ, ತಂಪು ಪಾನೀಯ ತರಿಸಿದ. ಮಿಲ್ಕ್‌ಶೇಕಿನ ನೆನಪಾಗುವುದು ಇಲ್ಲೇ. ನನಗೂ ಇಲ್ಲಿ ಮುಜುಗರವಿದೆ. ವ್ಯತ್ಯಾಸ ಇರುವುದು ಆಮೇಲಿನ ಕೆಲಸದಲ್ಲಿ. ಲಿಟಲ್ 93 ಕೊಲೆ ಒಪ್ಪಿಕೊಂಡ, 1970ರಿಂದ 2005ರವರೆಗಿನವು. ಬಲಿಯಾದವರ ಮುಖಗಳನ್ನು ನೆನಪಿನಿಂದ ಬಣ್ಣದಲ್ಲಿ ಬಿಡಿಸಿದ. ಅವನು ಹೇಳಿದ ಊರು, ರಸ್ತೆ, ಬಟ್ಟೆ, ಕಾಲಗಳನ್ನು ಹಳೆಯ ಕಡತಗಳಲ್ಲಿ ಹುಡುಕಿದರು. 2019ರ ಅಕ್ಟೋಬರಿನಲ್ಲಿ ಎಫ್‌ಬಿಐ 50 ಕೊಲೆಗಳು ತಾಳೆಯಾದವೆಂದು ಪ್ರಕಟಿಸಿ, ಉಳಿದ ಚಿತ್ರಗಳನ್ನು ಜನರ ಮುಂದಿಟ್ಟಿತು. ಕೊಂದವನ ಮನಸ್ಸಿನ ಬಗೆಗಿನ ಯಾವ ಸಿದ್ಧಾಂತಕ್ಕಿಂತಲೂ, ಹೆಸರಿಲ್ಲದ ಹೆಣವೆಂದು ಹೂತ ಒಬ್ಬ ಹೆಂಗಸಿಗೆ ಹೆಸರು ಮರಳಿಸಿದ ಸಂದರ್ಶನ ದೊಡ್ಡದು ಎಂಬುದು ನನ್ನ ನಂಬಿಕೆ.

ನಮ್ಮಲ್ಲಿ? ಮುಂಬೈಯಲ್ಲಿ 1968ರ ಆಗಸ್ಟಿನಲ್ಲಿ ಸಿಕ್ಕ ಸರಣಿ ಹಂತಕ ರಾಮನ್ ರಾಘವ್ ಮೊದಲು ಬಾಯಿ ಬಿಡಲಿಲ್ಲ. ಏನು ಬೇಕೆಂದು ಕೇಳಿದಾಗ ಕೋಳಿ ಊಟ, ತಲೆಗೆ ಎಣ್ಣೆ, ಬಾಚಣಿಗೆ, ಕನ್ನಡಿ ಕೇಳಿದ. ಕೊಟ್ಟ ಮೇಲೆ ಕೊಲೆಗಳ ವಿವರ ಹೇಳಿ, ಅಡಗಿಸಿಟ್ಟಿದ್ದ ಕಬ್ಬಿಣದ ಸಲಾಕೆ ತೋರಿಸಿದ. ಮರಣದಂಡನೆ ವಿಧಿಸಿದ ಮೇಲೆ ಹೈಕೋರ್ಟ್ ಆದೇಶದಂತೆ ಮೂವರು ಮನೋವೈದ್ಯರ ಮಂಡಳಿ ಐದು ಬಾರಿ, ಪ್ರತಿ ಸಲ ಎರಡು ಗಂಟೆಯಂತೆ ಅವನನ್ನು ಮಾತಾಡಿಸಿ, ತೀವ್ರ ಮನೋರೋಗವಿದೆ ಎಂದಿತು. ಮರಣದಂಡನೆ ಜೀವಾವಧಿಗೆ ಇಳಿಯಿತು. ಭಾರತದಲ್ಲಿ ಶಿಕ್ಷೆಯ ನಂತರದ ಸಂದರ್ಶನಕ್ಕೆ ಇದು ಮುಖ್ಯ ಉದಾಹರಣೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ಮಾತಿಗೆ ನಮ್ಮ ಕಾನೂನು 1872ರಿಂದಲೂ ಬೆಲೆ ಕೊಟ್ಟಿಲ್ಲ. ಆ ಮಾತಿನಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ಬೆಲೆ. ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ಇದೆ. ಬಹಳ ವಿವೇಕದ ನಿಯಮ. ಅದನ್ನು ದಾಟಲು ಹೋದ ಅಡ್ಡದಾರಿಗಳಲ್ಲಿ ಮಂಪರು ಪರೀಕ್ಷೆಯೂ ಒಂದು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಅದಕ್ಕೆ ಹೆಸರಾಗಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಎಂದಿತು. ನಿಠಾರಿಯ ಮಕ್ಕಳ ಕೊಲೆ ಪ್ರಕರಣದ ಸುರೇಂದ್ರ ಕೋಲಿ ಸುಮಾರು ಅರವತ್ತು ದಿನ ಪೊಲೀಸ್ ವಶದಲ್ಲಿದ್ದ ಬಳಿಕ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ತಪ್ಪೊಪ್ಪಿಗೆಯ ಮೇಲೆ ಮರಣದಂಡನೆಗಳೇ ನಿಂತಿದ್ದವು. 2023ರಲ್ಲಿ ಅಲಹಾಬಾದ್ ಹೈಕೋರ್ಟ್ ಆ ಹೇಳಿಕೆಯನ್ನು ನಂಬಲಿಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಉತ್ತರ ಇನ್ನೂ ಸಿಕ್ಕಿಲ್ಲ. ನಮ್ಮ ಕರಾವಳಿಯ ಸರಣಿ ಹಂತಕ ಸಯನೈಡ್ ಮೋಹನ ನ್ಯಾಯಾಲಯದಲ್ಲಿ ತಾನೇ ವಾದಿಸಿ ಆರೋಪಗಳನ್ನು ಅಲ್ಲಗಳೆದ. ಆದರೂ ಶಿಕ್ಷೆಯಾಯಿತು, ಸಾಕ್ಷ್ಯದ ಮೇಲೆ, ಅವನ ಒಪ್ಪಿಗೆಯ ಮೇಲಲ್ಲ.

ಮೇಲ್ಮನವಿಗಳೆಲ್ಲ ಮುಗಿದ ಕೈದಿಗಳನ್ನು ಅವರ ಒಪ್ಪಿಗೆಯ ಮೇಲೆ, ಶಿಕ್ಷೆಯ ವಿಷಯದಲ್ಲಿ ಯಾವ ಆಮಿಷವೂ ಇಲ್ಲದೆ, ಮನೋವೈದ್ಯರ ಜೊತೆ ಕೂತು, ಮೊದಲ ನಿಮಿಷದಿಂದ ಕೊನೆಯವರೆಗೂ ಧ್ವನಿ ಚಿತ್ರ ಮುದ್ರಿಸಿಕೊಂಡು ಮಾತಾಡಿಸುವ ಕೆಲಸವನ್ನು ನಮ್ಮ ಕಾರಾಗೃಹ ಇಲಾಖೆಯೂ ವಿಶ್ವವಿದ್ಯಾಲಯಗಳೂ ಒಟ್ಟಾಗಿ ಕೈಗೆತ್ತಿಕೊಳ್ಳಬೇಕು. ಬಂದ ಪ್ರತಿ ವಿವರವನ್ನೂ ಕಾಣೆಯಾದವರ ಮತ್ತು ಗುರುತು ಸಿಗದ ಶವಗಳ ಕಡತಕ್ಕೆ ತಾಳೆ ಹಾಕಬೇಕು. ಆ ಕೈದಿಗಳಿಗೆ ವಯಸ್ಸಾಗುತ್ತಿದೆ, ಮಗಳು ಏನಾದಳೆಂದು ಕಾಯುತ್ತಿರುವ ತಾಯ್ತಂದೆಯರಿಗೂ ವಯಸ್ಸಾಗುತ್ತಿದೆ. ತಡ ಮಾಡಬೇಡಿ.