ನಮ್ಮ ಕಡೆಯ ಹೈಸ್ಕೂಲಿನ ಹಂಬಲ: ಒಂದು ಹಿನ್ನೋಟ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಿ ಮಾಸ್ತರ್ರೇ ಎಂದು ಅಧ್ಯಕ್ಷರು ಮನೆಗೇ ಬಂದು ಹೇಳಿದರು. ಸಾಲ, ಠೇವು, ಗೊಬ್ಬರದ ಲೆಕ್ಕವನ್ನು ತಿಳಿದವರು ಬರೆಯುತ್ತಾರೆ. ಹೈಸ್ಕೂಲಿನಲ್ಲಿ ಖಡು ಹಿಡಿದು ಆಯುಷ್ಯ ಕಳೆದ ನನಗೆ ಗೊತ್ತಿರುವುದು ಶಾಲೆಯ ಸುದ್ದಿ ಒಂದೇ. ಅದನ್ನೇ ಬರೆಯುವುದಕ್ಕೆ ಒಂದು ಕಾರಣವೂ ಉಂಟು. ಕಳೆದ ವಾರ್ಷಿಕ ಸಾಮಾನ್ಯ ಸಭೆಯ ಕೊನೆಯಲ್ಲಿ ತರುಣ ಸದಸ್ಯರೊಬ್ಬರು ಎದ್ದು ನಿಂತು, "ನವೋದಯದ ಹಾಗೆ ಪರೀಕ್ಷೆ ಬರೆದು ಸೇರುವ ಶಾಲೆ ನಮ್ಮ ಕಾರವಾರ-ಅಂಕೋಲೆಯ ಕರಾವಳಿಗೂ ಒಂದು ಬೇಕು. ಸಂಘದಿಂದ ಠರಾವು ಮಾಡಿ ಸರ್ಕಾರಕ್ಕೆ ಕಳಿಸಿ" ಎಂದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, "ಇದ್ದ ಹೈಸ್ಕೂಲಿಗೇ ಮಕ್ಕಳಿಲ್ಲ, ಇನ್ನೊಂದು ಯಾರಿಗೆ ತಮ್ಮಾ?" ಎಂದು ಕೇಳಿದರು. ಮಾತಿಗೆ ಮಾತು ಬೆಳೆಯಿತು. ಠರಾವು ಮುಂದಿನ ಸಭೆಗೆ ಹೋಯಿತು. ಆ ಸಭೆ ಈಗ ಹತ್ತಿರ ಬಂತು. ಕೈ ಎತ್ತುವ ಮೊದಲು ಹಿಂದಿನದನ್ನು ಸ್ವಲ್ಪ ನೆನೆಯೋಣ ಎಂಬುದೇ ಈ ಲೇಖನದ ಉದ್ದೇಶ.

ಆರಿಸಿ ಸೇರಿಸಿಕೊಳ್ಳುವ ಶಾಲೆ ನಮಗೆ ಹೊಸದೇನಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹೈಸ್ಕೂಲು ಅಂದರೆ ಎಲ್ಲವೂ ಆರಿಸಿದ ಶಾಲೆಯೇ. ಆಗ ನಮ್ಮ ಜಿಲ್ಲೆ ಮುಂಬಯಿ ಆಧಿಪತ್ಯದಲ್ಲಿತ್ತು. ಊರ ಕನ್ನಡ ಸಾಲೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವನೆಂದರೆ ಊರಿಗೇ ದೊಡ್ಡವ. ಅವನು ಮಾಸ್ತರನಾಗಬಹುದು, ಶಾನುಭೋಗರ ಕೈಕೆಳಗೆ ಬರೆಯಬಹುದು. ಅದಕ್ಕೂ ಮುಂದೆ ಇಂಗ್ಲಿಷ್ ಕಲಿತು ಮ್ಯಾಟ್ರಿಕ್ ಆಗಬೇಕಾದರೆ ಕಾರವಾರಕ್ಕೋ ಕುಮಟೆಗೋ ಹೋಗಬೇಕು. ಅಲ್ಲಿ ನಂಟರ ಮನೆ ಬೇಕು, ಫೀ ಕಟ್ಟಬೇಕು, ಹೊಳೆ ದಾಟಬೇಕು. ಕಾಳಿ ಹೊಳೆಗೆ ಕಾರವಾರದಲ್ಲಿ ಸೇತುವೆ ಬಂದದ್ದೇ 1980ರ ದಶಕದಲ್ಲಿ. ಅಲ್ಲಿಯ ತನಕ ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯೇ ಗತಿ. (ಆ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿದು ಬಿತ್ತು.) ಆ ಕಾಲದಲ್ಲಿ ಪ್ರವೇಶ ಪರೀಕ್ಷೆ ಯಾರೂ ಇಟ್ಟಿರಲಿಲ್ಲ. ಆದರೆ ಹೊಳೆ, ಫೀ, ಗೇಣಿ ಈ ಮೂರೂ ಸೇರಿ ಮಕ್ಕಳನ್ನು ಸೋಸಿಬಿಡುತ್ತಿದ್ದವು. ಗೇಣಿ ಅಳೆದು ಉಳಿದ ಭತ್ತದಲ್ಲಿ ಮಳೆಗಾಲ ಕಳೆಯುವ ಒಕ್ಕಲಿನ ಮಗ ಎಷ್ಟೇ ಚುರುಕಿದ್ದರೂ ನಾಲ್ಕನೇ ಇಯತ್ತೆಗೆ ದನದ ಹಿಂದೆ ಹೋಗುವವನೇ. ಹೆಣ್ಣುಮಕ್ಕಳ ಮಾತು ಬಿಡಿ.

ಈ ಸೋಸುವಿಕೆಯ ವಿರುದ್ಧ ನಮ್ಮ ಭಾಗದಲ್ಲಿ ದೊಡ್ಡದಾಗಿ ನಿಂತವರು ಅಂಕೋಲಾ ತಾಲೂಕಿನವರೇ ಆದ ದಿನಕರ ದೇಸಾಯಿಯವರು (1909-1982). ಚುಟುಕದ ಬ್ರಹ್ಮ ಎಂದು ನಾಡಿಗೆಲ್ಲ ಅವರು ಗೊತ್ತು. ಅವರು ಶಿಕ್ಷಣದ ವಿಷಯವನ್ನು ಅಂಕಿ-ಅಂಶ ಹಿಡಿದು ಅಭ್ಯಾಸ ಮಾಡಿದವರೆಂಬುದು ಮಾತ್ರ ಅಷ್ಟು ಜನಕ್ಕೆ ಗೊತ್ತಿಲ್ಲ. ಭಾರತದ ಪ್ರಾಥಮಿಕ ಶಿಕ್ಷಣದ ಮೇಲೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1938ರಲ್ಲಿಯೇ ಬಂದಿತ್ತು. ಅವರು ಭಾರತ ಸೇವಕ ಸಮಾಜದ ಸದಸ್ಯರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಸಂಸ್ಥೆ ಅದು. ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು 1911ರಲ್ಲಿ ಮಸೂದೆ ತಂದು, ಮರುವರ್ಷ ಮತಕ್ಕೆ ಹಾಕಿದಾಗ ಸೋತವರು ಆ ಗೋಖಲೆಯವರೇ. ಗುರುಗಳು ಮಸೂದೆಯಲ್ಲಿ ಸೋತದ್ದನ್ನು ಶಿಷ್ಯರು ನಮ್ಮ ಮರಳುಗಾಡಿನಲ್ಲಿ ಕಟ್ಟಡ ಎಬ್ಬಿಸಿ ಗೆದ್ದರು ಎಂದರೆ ಹೆಚ್ಚಿನ ಮಾತಾಗಲಿಕ್ಕಿಲ್ಲ.

ದೇಸಾಯಿಯವರು ಮೊದಲು ಹಿಡಿದದ್ದು ರೈತರ ಕೆಲಸ. ಗೇಣಿ ಒಕ್ಕಲುಗಳನ್ನು ಸಂಘಟಿಸಿದ ತಪ್ಪಿಗೆ 1940ರ ದಶಕದಲ್ಲಿ ಜಿಲ್ಲೆಯೊಳಗೆ ಕಾಲಿಡದ ಹಾಗೆ ಸರ್ಕಾರ ಅವರನ್ನು ಗಡೀಪಾರು ಮಾಡಿತ್ತು. ನೆಲ ಬಂದರೂ ಅಕ್ಷರ ಬರದಿದ್ದರೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ನೆಲ ಮತ್ತೆ ಹೋಗುತ್ತದೆ ಎಂಬುದನ್ನು ಅಂಥ ಕೆಲಸ ಮಾಡಿದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಹುಟ್ಟಿತು. ಅಂಕೋಲೆಯ ಪೀಪಲ್ಸ್ ಮಲ್ಟಿಪರ್ಪಸ್ ಹೈಸ್ಕೂಲು, ದಾಂಡೇಲಿಯ ಜನತಾ ವಿದ್ಯಾಲಯ ಮೊದಲಾದ ಶಾಲೆಗಳು ಒಂದೊಂದಾಗಿ ನಡೆಯತೊಡಗಿದವು. ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಬಂತು. ಮರುವರ್ಷವೇ ದೇಸಾಯಿಯವರು ಲೋಕಸಭೆಗೆ ಆರಿಸಿ ಹೋದರು.

ಈ ಹೆಸರುಗಳನ್ನು ಸ್ವಲ್ಪ ಲಕ್ಷ್ಯವಿಟ್ಟು ಓದಿ ನೋಡಿ. ಒಂದು 'ಪೀಪಲ್ಸ್', ಒಂದು 'ಜನತಾ'. ಎರಡರಲ್ಲೂ ಇರುವುದು ಜನ. ಇನ್ನು 'ಮಲ್ಟಿಪರ್ಪಸ್' ಎಂಬುದು ಮುದಲಿಯಾರ್ ಆಯೋಗದ (1952-53) ಕಾಲದ ಮಾತು. ಓದಿನಲ್ಲಿ ಹುಷಾರಿದ್ದವನು, ಕೈಗೆಲಸದಲ್ಲಿ ಹುಷಾರಿದ್ದವನು, ಲೆಕ್ಕಪತ್ರ ಕಲಿಯಬೇಕೆಂಬವನು ಎಲ್ಲರೂ ಒಂದೇ ಅಂಗಳದಲ್ಲಿ ಕಲಿಯಲಿ, ಅವರವರಿಗೆ ತಕ್ಕ ವಿಷಯ ಅಲ್ಲಿಯೇ ಸಿಗಲಿ ಎಂಬುದು ಆಯೋಗದ ವಿಚಾರ. ಮುಂದೆ 1964-66ರ ಕೊಠಾರಿ ಆಯೋಗವಂತೂ ಶ್ರೀಮಂತರ ಮಕ್ಕಳೂ ಬಡವರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಗೆ ಹೋಗಬೇಕೆಂದು ಶಿಫಾರಸು ಮಾಡಿತು. 1974ರ ಭೂಸುಧಾರಣೆಯ ತರುವಾಯ ಉಳುವವನ ಮನೆಯಲ್ಲಿ ಭತ್ತ ಉಳಿಯಿತು; ಅದರ ಹಿಂದೆಯೇ ಮಕ್ಕಳೂ ಹೈಸ್ಕೂಲಿಗೆ ಬಂದರು. ನಾನು ನೌಕರಿಗೆ ಸೇರಿದಾಗ ನನ್ನ ವರ್ಗದಲ್ಲಿ ಒಕ್ಕಲಿನ ಮಗ, ಮೀನುಗಾರರ ಮಗಳು, ಡಾಕ್ಟರರ ಮಗ ಒಂದೇ ಬೆಂಚಿನಲ್ಲಿ ಕುಳಿತಿದ್ದನ್ನು ನಾನೇ ಕಂಡಿದ್ದೇನೆ.

ಇನ್ನು ನವೋದಯದ ಕಥೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಜಿಲ್ಲೆಗೊಂದು ಮಾದರಿ ವಸತಿ ಶಾಲೆ ಎಂಬ ಮಾತು ಬಂತು. ಹಳ್ಳಿಯ ಜಾಣ ಮಕ್ಕಳಿಗೆ ಊಟ, ವಸತಿ, ಪುಸ್ತಕ ಕೊಟ್ಟು ಪಟ್ಟಣದ ಮಕ್ಕಳ ಸಮಕ್ಕೆ ತರಬೇಕೆಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಸೀಟುಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ನಮ್ಮ ಜಿಲ್ಲೆಯದು ಘಟ್ಟದ ಮೇಲೆ ಮುಂಡಗೋಡ ತಾಲೂಕಿನಲ್ಲಿದೆ. ನನ್ನ ಪರಿಚಯದ ಒಬ್ಬ ಕೂಲಿಕಾರರ ಮಗಳು ಅಲ್ಲಿ ಕಲಿತು ಈಗ ಇಂಜಿನಿಯರಳಾಗಿದ್ದಾಳೆ. ಊರಲ್ಲೇ ಇದ್ದಿದ್ದರೆ ಅಷ್ಟು ದೂರ ಹೋಗುತ್ತಿದ್ದಳೋ ಇಲ್ಲವೋ, ನಾನು ಹೇಳಲಾರೆ. ಆದ್ದರಿಂದ ಆ ಶಾಲೆಯನ್ನು ಹಳಿಯುವ ಬಾಯಿ ನನ್ನದಲ್ಲ. 1996-97ರಿಂದ ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಬಂದವು. ಅವೂ ಪರೀಕ್ಷೆ ಇಟ್ಟು ಆರನೇ ಇಯತ್ತೆಗೆ ಸೇರಿಸಿಕೊಳ್ಳುವಂಥವೇ.

ಆದರೆ ಲೆಕ್ಕ ನೋಡಬೇಕಲ್ಲ. ನವೋದಯದಲ್ಲಿ ಆರನೇ ಇಯತ್ತೆಗೆ ಹೆಚ್ಚೆಂದರೆ 80 ಮಕ್ಕಳು. ನಮ್ಮ ಜಿಲ್ಲೆಯಲ್ಲಿ 12 ತಾಲೂಕು. ಭಾಗಿಸಿದರೆ ತಾಲೂಕಿಗೆ ಆರೋ ಏಳೋ ಮಗು. ಐದನೇ ಇಯತ್ತೆಯ ಮಗು ಎರಡು ತಾಸಿನಲ್ಲಿ 80 ಪ್ರಶ್ನೆಗೆ ಉತ್ತರ ಹೇಳಬೇಕು. ಅದರಲ್ಲಿ ಅರ್ಧ ಚಿತ್ರ ಹೊಂದಿಸುವಂಥ ಬುದ್ಧಿಶಕ್ತಿ ಪರೀಕ್ಷೆ, ಉಳಿದದ್ದು ಗಣಿತ ಮತ್ತು ಭಾಷೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಕಾರವಾರದ ಮಗುವಿಗೆ ಆ ಭಾಷೆಯ ಭಾಗ ಎಷ್ಟು ತೊಡಕೆಂದು ಇಲ್ಲಿಯ ಅಕ್ಕೋರುಗಳನ್ನು ಕೇಳಿ. ತಯಾರಿಗೆ ಟ್ಯೂಶನ್ ಹಾಕಬಲ್ಲ ಮನೆಯ ಮಗುವಿಗೆ ಹಾದಿ ಸಲೀಸು. ಒಂದು ವರ್ಷ ನನ್ನ ನೆರೆಮನೆಯ ಹುಡುಗನಿಗೆ ಸೀಟು ತಪ್ಪಿತು. ಹತ್ತು ವರ್ಷದ ಆ ಪೋರ, "ನಾ ದಡ್ಡ ಅಂತ ಸರ್ಕಾರವೇ ಹೇಳಿತು ಮಾಸ್ತರ್ರೆ" ಎಂದ. ಸಮಾಧಾನ ಹೇಳಲಿಕ್ಕೆ ನನಗೆ ಆ ಕ್ಷಣ ಒಂದು ಮಾತೂ ಹೊಳೆಯಲಿಲ್ಲ.

ಆರಿಸುವುದು ಪರೀಕ್ಷೆಯಿಂದ ಮಾತ್ರ ಎಂದೂ ತಿಳಿಯಬೇಡಿ. ಅದೇ 1986ರಲ್ಲಿ ಅರಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದರು. ಕಾರವಾರ-ಅಂಕೋಲೆಯ ಸಮುದ್ರ ದಂಡೆಯ ಊರುಗಳು ಎದ್ದು ಹೋದವು. ಆ ಊರುಗಳ ಜೊತೆ ಅಲ್ಲಿಯ ಸಾಲೆಗಳೂ ಹೋದವು. ಅತ್ತ ಕೈಗಾ ಅಣುಸ್ಥಾವರದ ಟೌನ್‌ಶಿಪ್ಪಿಗೆಂದು ಮಲ್ಲಾಪುರದಲ್ಲಿ ಅಣುಶಕ್ತಿ ಇಲಾಖೆಯ ಶಾಲೆ ಬಂತು. ಅಲ್ಲಿ ಮೊದಲ ಹಕ್ಕು ನೌಕರರ ಮಕ್ಕಳದು. ನೆಲ ಕೊಟ್ಟವರ ಮೊಮ್ಮಕ್ಕಳು ಬಸ್ಸಿನ ಕಿಟಕಿಯಿಂದ ಆ ಕಂಪೌಂಡು ನೋಡುತ್ತ ತಮ್ಮ ಶಾಲೆಗೆ ಹೋಗುತ್ತಾರೆ.

ಈಗ ನಮ್ಮ ಠರಾವಿಗೆ ಬರೋಣ. ನವೋದಯದಂಥ ಶಾಲೆಗೆ ರಾಜ್ಯ ಸರ್ಕಾರ ಸುಮಾರು 30 ಎಕರೆ ನೆಲ ಬಿಟ್ಟಿ ಕೊಡಬೇಕು. ಅತ್ತ ಕಾಡು, ಇತ್ತ ಕಡಲು, ನಡುವೆ ಹೆದ್ದಾರಿ, ರೈಲು, ನೌಕಾನೆಲೆ ಇರುವ ಈ ಪಟ್ಟಿಯಲ್ಲಿ ಅಷ್ಟು ನೆಲ ಒಟ್ಟಿಗೆ ಎಲ್ಲಿಂದ ತರುವುದು? ಮತ್ತೆ ಯಾರನ್ನು ಎಬ್ಬಿಸುವುದು? ಹೋಗಲಿ, ನೆಲ ಸಿಕ್ಕಿತು, ಶಾಲೆಯೂ ಬಂತು ಅನ್ನಿ. ಚುರುಕಾದ ಮಕ್ಕಳು ಅಲ್ಲಿಗೆ ಹೋದ ಮೇಲೆ ನಮ್ಮ ಹೈಸ್ಕೂಲಿನಲ್ಲಿ ಯಾರು ಉಳಿಯುತ್ತಾರೆ? ಕಾಯಂ ಮಾಸ್ತರರ ಜಾಗ ಖಾಲಿ, ಸಂಜೆ ಬಸ್ಸಿಲ್ಲ ಎಂಬ ದೂರನ್ನು ಗಟ್ಟಿಯಾಗಿ ಹೇಳುತ್ತಿದ್ದವರು ಆ ಚುರುಕು ಮಕ್ಕಳ ತಂದೆ-ತಾಯಿಗಳೇ. ಅವರೂ ಹೊರಟುಹೋದರೆ ದೂರು ಕೊಡುವವರೂ ಇರುವುದಿಲ್ಲ. ಶಾಲೆ ಬಡವಾಗುವುದು ಹೀಗೆಯೇ, ಸದ್ದಿಲ್ಲದೆ.

ನಾವು ಸಹಕಾರಿಗಳು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ ಕಾಲದಿಂದಲೂ ನಮ್ಮ ಪಾಠ ಒಂದೇ: ಷೇರು ಹಾಕುವ ಮನಸ್ಸಿದ್ದವರಿಗೆ ಬಾಗಿಲು ತೆರೆದಿರಬೇಕು. ನಮ್ಮ ಸಂಘವೂ ಈ 25 ವರ್ಷ ಯಾರಿಗೂ ಪರೀಕ್ಷೆ ಇಟ್ಟು ಸದಸ್ಯತ್ವ ಕೊಟ್ಟಿಲ್ಲ. ಐವತ್ತು ಗುಂಟೆಯವನಿಗೂ ಐದು ಗುಂಟೆಯವನಿಗೂ ಒಂದೇ ಮತ. ಹಾಗೆ ನಡೆದೇ ಸಂಘ ಬೆಳ್ಳಿಹಬ್ಬ ಕಂಡಿದೆ.

ಆದ್ದರಿಂದ ಹಿರಿಯನಾಗಿ ನನ್ನದೊಂದು ಸೂಚನೆ. ಠರಾವು ಮಾಡೋಣ, ಆದರೆ ಅದರ ಮೊದಲ ಸಾಲು ಇದ್ದ ಹೈಸ್ಕೂಲಿನದಿರಲಿ: ಖಾಲಿ ಜಾಗಗಳಿಗೆ ಮಾಸ್ತರರು, ಸಂಜೆ ಬಸ್ಸು, ದೂರದ ಮಕ್ಕಳಿಗೊಂದು ವಸತಿ ನಿಲಯ. ಆರಿಸುವ ಶಾಲೆ ಬೇಕೆಂಬ ಮಾತು ಎರಡನೇ ಸಾಲಿನಲ್ಲಿ ಬರಲಿ, ನನ್ನ ಅಡ್ಡಿಯಿಲ್ಲ. ಅಲ್ಲಿಯ ತನಕ ಸಂಘದ ಮಾಳಿಗೆಯ ಕೋಣೆಯಲ್ಲಿ ರವಿವಾರ ಐದನೇ ಇಯತ್ತೆಯ ಮಕ್ಕಳಿಗೆ ಬಿಟ್ಟಿಯಾಗಿ ನವೋದಯದ ಪಾಠ ಹೇಳಲು ನಾನು ತಯಾರಿದ್ದೇನೆ. ಬಂದವರೆಲ್ಲರಿಗೂ ಹೇಳುತ್ತೇನೆ, ಆರಿಸುವುದಿಲ್ಲ. ಅಧ್ಯಕ್ಷರು ಒಂದು ಕರಿಹಲಗೆ ಕೊಡಿಸಿದರೆ ಸಾಕು.

ಬೆಳ್ಳಿಹಬ್ಬ ಕಂಡ ಸಂಘ ಬಂಗಾರದ ಹಬ್ಬವನ್ನೂ ಕಾಣಲಿ. ಆ ಹೊತ್ತಿನ ಸಂಚಿಕೆಗೆ ಬರೆಯುವವರು ನಮ್ಮ ಊರ ಹೈಸ್ಕೂಲಿನಲ್ಲಿ ಕಲಿತವರೇ ಆಗಿರಲಿ ಎಂದು ಹಾರೈಸಿ ಈ ನಾಲ್ಕು ಮಾತು ಮುಗಿಸುತ್ತೇನೆ.